ಎರಡು ಪಿಎಫ್‌ಟಿ ವರದಿ, ಎರಡು ರೋಗದ ಹೆಸರು: ಯಾವುದನ್ನು ನಂಬಬೇಕು?

ಓದುಗರ ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ, ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮೂರು ವರ್ಷದಿಂದ ದಿಬ್ಬ ಹತ್ತುವಾಗ ಏದುಸಿರು ಬರುತ್ತದೆ, ಬೆಳಗ್ಗೆ ಕಫದ ಕೆಮ್ಮು ಇರುತ್ತದೆ. ಊರಿನ ವೈದ್ಯರು ಅಸ್ತಮಾ ಎಂದು ಪಂಪ್ ಕೊಟ್ಟಿದ್ದರು. ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಅಮ್ಮ ಅದನ್ನು ತೀರಾ ಕಷ್ಟವಾದಾಗ ಮಾತ್ರ ಎಳೆಯುತ್ತಾರೆ. ಎರಡು ತಿಂಗಳ ಹಿಂದೆ ಶಿವಮೊಗ್ಗದಲ್ಲಿ ಶ್ವಾಸಕೋಶ ತಜ್ಞರು ಪಿಎಫ್‌ಟಿ (ಯಂತ್ರಕ್ಕೆ ಊದಿಸಿ ಮಾಡುವ ಶ್ವಾಸಕೋಶದ ಪರೀಕ್ಷೆ) ಮಾಡಿಸಿ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಎಂದರು. ಅನುಮಾನದಿಂದ ಕಳೆದ ವಾರ ಆರೋಗ್ಯ ತಪಾಸಣಾ ಶಿಬಿರವೊಂದರಲ್ಲಿ ಮತ್ತೆ ಊದಿಸಿದೆವು, ಅದರಲ್ಲಿ ‘ತೀವ್ರ ರಿಸ್ಟ್ರಿಕ್ಷನ್’ ಎಂದು ಬಂದಿದೆ. ಶ್ವಾಸಕೋಶ ಗಟ್ಟಿಯಾಗುತ್ತಿರಬಹುದು, ಸಿಟಿ ಸ್ಕ್ಯಾನ್ ಮಾಡಿಸಿ ಎಂದು ಅಲ್ಲಿದ್ದವರು ಹೇಳಿದರು. ಎಕ್ಸ್‌ರೇ ಸರಿಯಿದೆ, ಆಕ್ಸಿಮೀಟರ್ 97 ತೋರಿಸುತ್ತದೆ, ಕೋವಿಡ್ ಕಾಲದಲ್ಲಿ ತಂದ ಮೂರು ಚೆಂಡಿನ ಉಪಕರಣದಲ್ಲಿ ಮೂರೂ ಚೆಂಡು ಏರಿಸುತ್ತಾರೆ. ಮೊದಲ ಪರೀಕ್ಷೆಯಲ್ಲಿ ತಲೆಸುತ್ತು ಬಂದು ಕಣ್ಣು ಕತ್ತಲಿಟ್ಟಿದ್ದರಿಂದ, ಊದಿ ಊದಿ ಶ್ವಾಸಕೋಶ ಹಾಳಾಗುತ್ತದೆ, ಇನ್ನು ಊದುವುದಿಲ್ಲ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಎರಡೂ ವರದಿಗಳನ್ನು ಕಳಿಸಿದ್ದೇನೆ. ನಾವು ಯಾವುದನ್ನು ನಂಬಬೇಕು?

ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ತಾಯಿಯವರಿಗೆ ಇರುವ ಕಾಯಿಲೆ ಯಾವುದು ಎಂಬುದು ಒಂದು, ಅದನ್ನು ತಿಳಿಯಲು ಅವರನ್ನು ಮತ್ತೆ ಊದಿಸುವುದು ಕ್ಷೇಮವೇ ಎಂಬುದು ಇನ್ನೊಂದು. ನಾನು ಅವರನ್ನು ಪರೀಕ್ಷಿಸಿಲ್ಲವಾದ್ದರಿಂದ ರೋಗನಿರ್ಣಯದ ಕೊನೆಯ ಮಾತು ಅವರನ್ನು ನೋಡುವ ವೈದ್ಯರದ್ದೇ. ಆದರೆ ನೀವು ಕಳಿಸಿದ ಎರಡು ಹಾಳೆಗಳ ಬಗ್ಗೆ ನಾನು ಖಚಿತವಾಗಿ ಹೇಳಬಹುದು: ಶಿವಮೊಗ್ಗದ ವರದಿ ನಂಬಲರ್ಹವಾದದ್ದು, ಶಿಬಿರದ ವರದಿಯನ್ನು ಆಧರಿಸಿ ಯಾವ ಕಾಯಿಲೆಯ ಹೆಸರನ್ನೂ ಹೇಳಬಾರದಿತ್ತು.

ಪಿಎಫ್‌ಟಿ ಎಂದು ನಾವು ವಾಡಿಕೆಯಲ್ಲಿ ಕರೆಯುವುದು ಹೆಚ್ಚಾಗಿ ಸ್ಪೈರೋಮೆಟ್ರಿಯನ್ನು. ಶ್ವಾಸಕೋಶಗಳು ತುಂಬುವಷ್ಟು ಉಸಿರೆಳೆದುಕೊಂಡು, ಒಂದೇ ರಭಸಕ್ಕೆ ಊದಿ, ಒಳಗಿನ ಗಾಳಿ ಪೂರ್ತಿ ಬರಿದಾಗುವ ತನಕ ಊದುತ್ತಲೇ ಇರಬೇಕು. ಹೀಗೆ ಹೊರಬಂದ ಒಟ್ಟು ಗಾಳಿಯೇ ಎಫ್‌ವಿಸಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು ಎಫ್‌ಇವಿ1. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಈ ಯಂತ್ರವನ್ನು ವಿವರಿಸಿದಾಗ ಒಟ್ಟು ಗಾಳಿಯನ್ನಷ್ಟೇ ಅಳೆಯುತ್ತಿದ್ದರು. ಮೊದಲ ಸೆಕೆಂಡಿನ ಲೆಕ್ಕ ಬಂದದ್ದು ಸುಮಾರು ನೂರು ವರ್ಷಗಳ ನಂತರ, 1947ರಲ್ಲಿ, ಫ್ರಾನ್ಸಿನ ಟಿಫ್ನೋ ಅವರ ಕೆಲಸದಿಂದ. ಕಿರಿದಾದ ಬಾಯಿಯ ಬಿಂದಿಗೆಯಿಂದ ನೀರು ಬಗ್ಗಿಸಿದರೆ ನೀರೆಲ್ಲ ಬರುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಬಿಂದಿಗೆಯೇ ಸಣ್ಣದಾಗಿದ್ದರೆ ನೀರು ಬೇಗ ಖಾಲಿಯಾಗುತ್ತದೆ, ಆದರೆ ಇದ್ದದ್ದೇ ಕಡಿಮೆ. ಮೊದಲನೆಯದು ಅಬ್‌ಸ್ಟ್ರಕ್ಷನ್, ಅಂದರೆ ಶ್ವಾಸನಾಳಗಳು ಕಿರಿದಾಗಿರುವುದು. ಎರಡನೆಯದು ರಿಸ್ಟ್ರಿಕ್ಷನ್, ಅಂದರೆ ಶ್ವಾಸಕೋಶ ಹಿಗ್ಗಲಾರದಿರುವುದು. ಎಫ್‌ಇವಿ1 ಅನ್ನು ಎಫ್‌ವಿಸಿಯಿಂದ ಭಾಗಿಸಿದಾಗ ಬರುವ ಅನುಪಾತ ಮೊದಲನೆಯದರಲ್ಲಿ ಇಳಿಯುತ್ತದೆ, ಎರಡನೆಯದರಲ್ಲಿ ಇಳಿಯುವುದಿಲ್ಲ.

ಈಗ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ಶಿವಮೊಗ್ಗದ ವರದಿಯಲ್ಲಿ ನಾಳ ಹಿಗ್ಗಿಸುವ ಔಷಧ ಎಳೆಸುವ ಮುಂಚಿನ ಎಫ್‌ಇವಿ1 1.02 ಲೀಟರ್, ಎಫ್‌ವಿಸಿ 1.84 ಲೀಟರ್, ಅನುಪಾತ 0.55. ಶಿಬಿರದ ವರದಿಯಲ್ಲಿ ಎಫ್‌ಇವಿ1 1.00 ಲೀಟರ್, ಎಫ್‌ವಿಸಿ 1.28 ಲೀಟರ್, ಅನುಪಾತ 0.78. ಮೊದಲ ಸೆಕೆಂಡಿನ ಗಾಳಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಿದಿರಾ? ಎರಡು ತಿಂಗಳಲ್ಲಿ ಶ್ವಾಸಕೋಶ ಗಟ್ಟಿಯಾಗಿ ಅರ್ಧ ಲೀಟರಿಗಿಂತ ಹೆಚ್ಚು ಗಾಳಿಯ ಜಾಗ ಕಳೆದುಹೋಗಿದ್ದರೆ ಮೊದಲ ಸೆಕೆಂಡಿನ ಗಾಳಿಯೂ ಅದರ ಜೊತೆಗೇ ಇಳಿಯಬೇಕಿತ್ತು. ಇಳಿದಿಲ್ಲ. ವ್ಯತ್ಯಾಸ ಇರುವುದು ಮೊದಲ ಸೆಕೆಂಡಿನ ನಂತರದ ಊದುವಿಕೆಯಲ್ಲಿ. ಶಿವಮೊಗ್ಗದಲ್ಲಿ ತಾಯಿಯವರು 9 ಸೆಕೆಂಡು ಊದಿದ್ದಾರೆ, ಶಿಬಿರದಲ್ಲಿ 1.6 ಸೆಕೆಂಡಿಗೆ ನಿಲ್ಲಿಸಿದ್ದಾರೆ. ಕಿರಿದಾದ ನಾಳಗಳಿಂದ ನಿಧಾನವಾಗಿ ಬರಬೇಕಿದ್ದ ಗಾಳಿ ಒಳಗೇ ಉಳಿದುಹೋಗಿದೆ, ಎಫ್‌ವಿಸಿ ಸುಳ್ಳಾಗಿ ಕಡಿಮೆಯಾಗಿದೆ, ಅದರಿಂದಾಗಿ ಅನುಪಾತ ಸುಳ್ಳಾಗಿ ಏರಿದೆ. ಯಂತ್ರ ತನಗೆ ಸಿಕ್ಕ ಅಂಕಿಗಳಿಗೆ ತಕ್ಕ ಹೆಸರನ್ನು ಮುದ್ರಿಸಿದೆ. ಯಂತ್ರದ ತಪ್ಪೇನೂ ಇಲ್ಲ, ಆ ಹೆಸರನ್ನು ಪರಿಶೀಲಿಸದೆ ಓದಿ ಹೇಳಿದ್ದು ತಪ್ಪು.

ಇದನ್ನು ಅಂಕಿಗಳಿಗಿಂತ ಚೆನ್ನಾಗಿ ಹೇಳುವುದು ಪಕ್ಕದ ರೇಖಾಚಿತ್ರ. ಗಾಳಿಯ ವೇಗ ಮತ್ತು ಪ್ರಮಾಣದ ಆ ವಕ್ರರೇಖೆ ಮೊದಲ ವರದಿಯಲ್ಲಿ ಚೂಪಾಗಿ ಮೇಲೇರಿ, ನಂತರ ಒಳಕ್ಕೆ ಬಾಗಿ, ಉದ್ದನೆಯ ಬಾಲದಂತೆ ನಿಧಾನವಾಗಿ ತಳ ಮುಟ್ಟುತ್ತದೆ. ಒಳಕ್ಕೆ ಬಾಗುವ ಆ ಭಾಗವೇ ನಾಳಗಳು ಕಿರಿದಾಗಿರುವುದರ ಗುರುತು. ಶಿಬಿರದ ವರದಿಯಲ್ಲಿಯೂ ರೇಖೆ ಅದೇ ರೀತಿ ಬಾಗಲು ತೊಡಗುತ್ತದೆ, ಆದರೆ ಅರ್ಧ ದಾರಿಯಲ್ಲಿ ಕತ್ತರಿಸಿದಂತೆ ನೇರವಾಗಿ ಕೆಳಗೆ ಬೀಳುತ್ತದೆ. ನಮ್ಮ ವಿಭಾಗದಲ್ಲಿ ಹೊಸದಾಗಿ ಬಂದ ಕಿರಿಯ ವೈದ್ಯರಿಗೆ ನಾನು ಮೊದಲು ಮಾಡಿಸುವ ಅಭ್ಯಾಸವೆಂದರೆ ವರದಿಯ ಕೊನೆಯ ಸಾಲನ್ನು ಕೈಯಿಂದ ಮುಚ್ಚಿಕೊಂಡು ಈ ಚಿತ್ರವನ್ನು ನೋಡುವುದು. ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು 2019ರಲ್ಲಿ ಜಂಟಿಯಾಗಿ ಪರಿಷ್ಕರಿಸಿದ ಮಾನದಂಡದ ಪ್ರಕಾರ, ಕೊನೆಯ ಒಂದು ಸೆಕೆಂಡಿನಲ್ಲಿ ಬರುವ ಗಾಳಿ 25 ಮಿಲಿಲೀಟರಿಗಿಂತ ಕಡಿಮೆಯಾಗುವ ತನಕ ಇಲ್ಲವೇ 15 ಸೆಕೆಂಡು ತುಂಬುವ ತನಕ ಊದಿಸಬೇಕು. ಸರಿಯಾದ ಊದುವಿಕೆಗಳು ಕನಿಷ್ಠ ಮೂರು ಸಿಗಬೇಕು, ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರನ್ನು ಮೀರಬಾರದು. ಶಿವಮೊಗ್ಗದ ವರದಿಯಲ್ಲಿ ಮೂರು ರೇಖೆಗಳು ಒಂದರ ಮೇಲೊಂದು ಕೂತಿವೆ, ಗುಣಮಟ್ಟದ ದರ್ಜೆ ‘ಎ’ ಎಂದಿದೆ. ಶಿಬಿರದಲ್ಲಿ ಊದಿಸಿದ್ದೇ ಒಂದು ಸಲ.

ಶಿಬಿರದ ಹಾಳೆಯಲ್ಲಿ ಇನ್ನೊಂದು ತೊಡಕಿದೆ. ಮೊದಲ ವರದಿಯಲ್ಲಿ ತಾಯಿಯವರ ಎತ್ತರ 150 ಸೆಂಟಿಮೀಟರ್, ಎರಡನೆಯದರಲ್ಲಿ 157. ಬಹುಶಃ ಅಳೆಯದೆ ಕೇಳಿ ಬರೆದುಕೊಂಡಿರಬೇಕು. ವ್ಯಕ್ತಿಯ ವಯಸ್ಸು, ಎತ್ತರ, ಲಿಂಗಗಳನ್ನು ಆಧರಿಸಿ ಯಂತ್ರ ‘ಇಷ್ಟಿರಬೇಕು’ ಎಂಬ ನಿರೀಕ್ಷಿತ ಮೌಲ್ಯವನ್ನು ಲೆಕ್ಕಹಾಕಿ, ಊದಿದ ಗಾಳಿ ಅದರ ಶೇಕಡಾ ಎಷ್ಟು ಎಂದು ಹೇಳುತ್ತದೆ. ಎತ್ತರ ಹೆಚ್ಚು ಬರೆದರೆ ನಿರೀಕ್ಷೆ ಹೆಚ್ಚುತ್ತದೆ, ಶೇಕಡಾವಾರು ಇಳಿಯುತ್ತದೆ. ಅವರ ನಿರೀಕ್ಷಿತ ಎಫ್‌ವಿಸಿ ಒಂದು ಹಾಳೆಯಲ್ಲಿ 2.25 ಲೀಟರ್, ಇನ್ನೊಂದರಲ್ಲಿ 2.62 ಲೀಟರ್ ಇರುವುದಕ್ಕೆ ಇದು ಒಂದು ಕಾರಣ. ಯಂತ್ರದಲ್ಲಿ ಅಳವಡಿಸಿರುವ ಸಮೀಕರಣ ಯಾವುದು ಎಂಬುದು ಮತ್ತೊಂದು ಕಾರಣವಾಗಿರಬಹುದು. ಭಾರತೀಯರ ಸರಾಸರಿ ಎಫ್‌ವಿಸಿ ಅದೇ ಎತ್ತರದ ಯುರೋಪಿಯನ್ನರಿಗಿಂತ ಕಡಿಮೆ ಎಂದು ಬಹಳ ಹಿಂದೆಯೇ ಕಂಡುಬಂದಿದ್ದು, ಮುಂಬೈ, ಚೆನ್ನೈ, ದೆಹಲಿಗಳ ಸಂಶೋಧಕರು ಇಲ್ಲಿನ ಆರೋಗ್ಯವಂತರನ್ನು ಅಳೆದು ಪ್ರತ್ಯೇಕ ಸಮೀಕರಣಗಳನ್ನು ಪ್ರಕಟಿಸಿದ್ದಾರೆ. ಆದರೂ ಯುರೋಪಿಯನ್ ಸಮೀಕರಣವನ್ನೇ ಇಟ್ಟುಕೊಂಡಿರುವ ಯಂತ್ರಗಳು ನಮ್ಮಲ್ಲಿ ಇನ್ನೂ ಇವೆ. ಹಾಗಾಗಿ ಎರಡು ಕಡೆಯ ಶೇಕಡಾವಾರುಗಳನ್ನು ಹೋಲಿಸುವುದಕ್ಕಿಂತ ಲೀಟರುಗಳನ್ನು ಹೋಲಿಸುವುದು ಒಳ್ಳೆಯದು. ಶಿಬಿರದ ಹಾಳೆಯಲ್ಲಿ ಎಫ್‌ವಿಸಿಯ ಮುಂದೆ ‘49 ಪರ್ಸೆಂಟ್’ ಎಂದು ನಿಮ್ಮನ್ನು ಹೆದರಿಸಿದ ಅಂಕಿ ಮೊಟಕಾದ ಊದುವಿಕೆ ಮತ್ತು ತಪ್ಪು ಎತ್ತರ ಎರಡೂ ಸೇರಿ ಹುಟ್ಟಿದ್ದು.

ತಾಯಿಯವರು ಬೇಗ ನಿಲ್ಲಿಸಿದ್ದೇಕೆ ಎಂಬುದನ್ನು ಅವರನ್ನೇ, ಮನೆಯ ಹೆಣ್ಣುಮಕ್ಕಳ ಮೂಲಕ, ಮೆಲ್ಲಗೆ ಕೇಳಿಸಿ. ಹಿಂದಿನ ಸಲದ ತಲೆಸುತ್ತಿನ ಭಯ ಒಂದು ಕಾರಣವಾಗಿರಬಹುದು. ಆದರೆ ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವ, ಅವರು ಎಂದೂ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ: ಜೋರಾಗಿ ಊದಿದಾಗ ಮೂತ್ರ ಸೋರುತ್ತದೆ ಎಂಬ ಸಂಕೋಚ. ಎರಡನೆಯ ಸೆಕೆಂಡಿಗೆ ಮೈ ಬಿಗಿಹಿಡಿದು ಊದುವುದನ್ನು ಬಿಟ್ಟುಬಿಡುತ್ತಾರೆ, ನಾವು ‘ಸಹಕರಿಸಲಿಲ್ಲ’ ಎಂದು ಬರೆದುಬಿಡುತ್ತೇವೆ. ಪರೀಕ್ಷೆಗೆ ಮುಂಚೆ ಶೌಚಾಲಯಕ್ಕೆ ಹೋಗಿಬರುವಂತೆ ಹೇಳುವುದು, ಸೀರೆಯ ನೆರಿಗೆ ಮತ್ತು ಲಂಗದ ಲಾಡಿಯನ್ನು ಸಡಿಲಿಸುವುದು, ಸಾಧ್ಯವಾದರೆ ಮಹಿಳಾ ತಂತ್ರಜ್ಞರೇ ಊದಿಸುವುದು, ಇಷ್ಟರಿಂದಲೇ ಎಷ್ಟೋ ವರದಿಗಳು ಸರಿಯಾಗುತ್ತವೆ. ಊದಿಸುವವರ ಗಂಟಲಿಗೂ ಇದರಲ್ಲಿ ದೊಡ್ಡ ಪಾಲಿದೆ. ‘ಎಳೀರಿ, ಎಳೀರಿ, ಇನ್ನೂ ಎಳೀರಿ, ಹೂಂ ಊದಿ! ಊದಿ ಊದಿ ಊದಿ, ಬಿಡಬೇಡಿ, ಇನ್ನೂ ಇದೆ, ಇನ್ನೂ ಇದೆ’ ಎಂದು ಅವರ ಭಾಷೆಯಲ್ಲೇ ಕೂಗಿ ಹುರಿದುಂಬಿಸುವವರು ಪಕ್ಕದಲ್ಲಿಲ್ಲದಿದ್ದರೆ ಆರೋಗ್ಯವಂತರೂ ಸರಿಯಾಗಿ ಊದುವುದಿಲ್ಲ. ಜನಜಂಗುಳಿಯ ಶಿಬಿರದಲ್ಲಿ ಇದಕ್ಕೆ ವ್ಯವಧಾನ ಎಲ್ಲಿಂದ ಬರಬೇಕು?

ಇನ್ನು, ಬೀಡಿ ಸೇದದವರಿಗೆ ಸಿಒಪಿಡಿ ಹೇಗೆ ಎಂಬ ಅನುಮಾನ. ಈ ರೋಗ ಧೂಮಪಾನಿಗಳಿಗಷ್ಟೇ ಬರುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು, ಅದು ಸರಿಯಲ್ಲ. ಸೌದೆ, ಬೆರಣಿ, ತರಗಲೆ ಉರಿಸಿದ ಹೊಗೆಯನ್ನು ಗಾಳಿಯಾಡದ ಅಡುಗೆಮನೆಯಲ್ಲಿ ದಶಕಗಟ್ಟಲೆ ಕುಡಿದ ಹೆಣ್ಣುಮಕ್ಕಳ ಸಣ್ಣ ಶ್ವಾಸನಾಳಗಳು ಊದಿಕೊಂಡು, ಗಾಯಗೊಂಡು, ಕಲೆಗಟ್ಟಿ ಕಿರಿದಾಗುತ್ತವೆ. ಇಂಥವರಲ್ಲಿ ತಂಬಾಕಿನಿಂದಾಗುವಷ್ಟು ಎಂಫಿಸೀಮಾ, ಅಂದರೆ ಗಾಳಿಗೂಡುಗಳ ಗೋಡೆ ಹರಿದುಹೋಗುವುದು, ಕಾಣುವುದಿಲ್ಲ. ನಾಳಗಳ ತೊಂದರೆಯೇ ಹೆಚ್ಚು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ‘ಗ್ಯಾಸ್ ಇದೆಯಾ?’ ಎಂದು ಕೇಳಿದರೆ ಬಹುತೇಕ ಎಲ್ಲರೂ ಇದೆ ಎನ್ನುತ್ತಾರೆ. ಆದರೆ ಮಲೆನಾಡಿನವರನ್ನು ಕೇಳಬೇಕಾದ ಪ್ರಶ್ನೆ ಬಚ್ಚಲಿನದು. ಅಡುಗೆ ಗ್ಯಾಸಿನ ಮೇಲೆ ಆದರೂ ಹಂಡೆಯ ಒಲೆಗೆ ದಿನವೂ ಹಸಿಸೌದೆಯೇ ಬೀಳುತ್ತದೆ, ಮಳೆಗಾಲದಲ್ಲಿ ಅದು ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಅಡಿಕೆ ಬೇಯಿಸುವ ಕಾಲದಲ್ಲಿ ಅದರ ಹೊಗೆಯೂ ಸೇರುತ್ತದೆ. ಇದರ ಜೊತೆಗೆ, ಹಿಂದೆ ಎಂದಾದರೂ ಕ್ಷಯರೋಗಕ್ಕೆ ಚಿಕಿತ್ಸೆ ಪಡೆದಿದ್ದಾರೆಯೇ ಎಂಬುದನ್ನೂ ವೈದ್ಯರಿಗೆ ತಿಳಿಸಿ. ವಾಸಿಯಾದ ಕ್ಷಯವೂ ನಾಳಗಳನ್ನು ಕಿರಿದಾಗಿಸಿ ಹೋಗಬಲ್ಲದು.

ಅಸ್ತಮಾವೋ ಸಿಒಪಿಡಿಯೋ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಶಿವಮೊಗ್ಗದಲ್ಲಿ ಸ್ಪೇಸರ್ (ಪಂಪಿಗೆ ಜೋಡಿಸುವ ಕೊಳವೆ) ಮೂಲಕ ನಾಳ ಹಿಗ್ಗಿಸುವ ಔಷಧವಾದ ಸಾಲ್ಬ್ಯುಟಮಾಲನ್ನು 400 ಮೈಕ್ರೋಗ್ರಾಂ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದ್ದಾರೆ. ಆಗ ಎಫ್‌ಇವಿ1 1.02ರಿಂದ 1.10 ಲೀಟರಿಗೆ ಏರಿದೆ, ಎಂದರೆ 80 ಮಿಲಿಲೀಟರ್, ಸುಮಾರು ಶೇ 8. ಗಣನೀಯ ಸುಧಾರಣೆ ಎನ್ನಲು ಹಳೆಯ ಮಾನದಂಡದಂತೆ ಶೇ 12 ಮತ್ತು 200 ಮಿಲಿಲೀಟರ್ ಎರಡೂ ಆಗಬೇಕು. 2022ರ ಹೊಸ ಮಾನದಂಡದಂತೆ ಏರಿಕೆ ನಿರೀಕ್ಷಿತ ಮೌಲ್ಯದ ಶೇ 10ನ್ನು ದಾಟಬೇಕು. ಇದು ಯಾವುದನ್ನೂ ಮುಟ್ಟಿಲ್ಲ. ಔಷಧದ ನಂತರವೂ ಅನುಪಾತ 0.57 ಇದ್ದು, ಸಿಒಪಿಡಿಗೆ ಬಳಸುವ 0.70ರ ಗಡಿಗಿಂತ ಸಾಕಷ್ಟು ಕೆಳಗಿದೆ. ಎಫ್‌ಇವಿ1 ನಿರೀಕ್ಷಿತದ ಶೇ 59 ಇರುವುದರಿಂದ ತೀವ್ರತೆ ಮಧ್ಯಮ. ಆದರೆ ಒಂದು ದಿನದ ಫಲಿತಾಂಶದಿಂದ ಅಸ್ತಮಾವನ್ನು ಪೂರ್ತಿ ತಳ್ಳಿಹಾಕಲಾಗದು. ಚಿಕ್ಕಂದಿನಿಂದ ಉಬ್ಬಸ, ಸೀನು, ಮೈತುರಿಕೆ ಇದ್ದವರಲ್ಲಿ, ಒಂದು ದಿನ ಚೆನ್ನಾಗಿದ್ದು ಇನ್ನೊಂದು ದಿನ ರಾತ್ರಿ ಎದೆ ಬಿಗಿಯುವವರಲ್ಲಿ, ಎರಡೂ ಒಟ್ಟಿಗೆ ಇರಬಹುದು. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಅಸ್ತಮಾ ಇದ್ದವರಿಗೆ ಸ್ಟೀರಾಯ್ಡ್ ಇನ್ಹೇಲರ್ ಇಲ್ಲದೆ ನಾಳ ಹಿಗ್ಗಿಸುವ ದೀರ್ಘಾವಧಿಯ ಔಷಧವನ್ನಷ್ಟೇ ಕೊಡುವುದು ಅಪಾಯ. ಸಿಒಪಿಡಿ ಇರುವ ಎಲ್ಲರಿಗೂ ಕಣ್ಣುಮುಚ್ಚಿ ಸ್ಟೀರಾಯ್ಡ್ ಇನ್ಹೇಲರ್ ಕೊಟ್ಟರೆ ನ್ಯುಮೋನಿಯಾದ ಸಂಭವ ಹೆಚ್ಚುತ್ತದೆ.

ಆಕ್ಸಿಮೀಟರ್ 97 ಇರುವುದು ಸಮಾಧಾನದ ವಿಷಯವೇ, ಆದರೆ ಅದು ರಕ್ತದಲ್ಲಿನ ಆಮ್ಲಜನಕವನ್ನು ಹೇಳುತ್ತದೆ, ನಾಳಗಳ ಸ್ಥಿತಿಯನ್ನಲ್ಲ. ಎಫ್‌ಇವಿ1 ಅರ್ಧಕ್ಕೆ ಇಳಿದ ಮೇಲೂ ಕೂತಾಗ 97 ತೋರಿಸುವವರು ಬೇಕಾದಷ್ಟಿದ್ದಾರೆ. ಎಕ್ಸ್‌ರೇ ಕೂಡ ಹಾಗೆಯೇ. ಕ್ಷಯ, ನ್ಯುಮೋನಿಯಾ, ಗೆಡ್ಡೆಗಳನ್ನು ಹುಡುಕಲು ಅದು ಬೇಕು, ಆರಂಭದ ಮತ್ತು ಮಧ್ಯಮ ಹಂತದ ಸಿಒಪಿಡಿಯಲ್ಲಿ ಅದು ಸಹಜವಾಗಿಯೇ ಕಾಣಬಹುದು. ಮೂರು ಚೆಂಡಿನ ಉಪಕರಣವಂತೂ ಪರೀಕ್ಷೆಯೇ ಅಲ್ಲ, ಅದು ವ್ಯಾಯಾಮದ ಸಾಧನ. ಅದರಲ್ಲಿ ಚೆಂಡು ಏರುವುದು ಉಸಿರೆಳೆದುಕೊಳ್ಳುವ ರಭಸಕ್ಕೆ. ತಾಯಿಯವರ ತೊಂದರೆ ಇರುವುದು ಉಸಿರು ಬಿಡುವುದರಲ್ಲಿ.

ಊದುವುದರಿಂದ ಶ್ವಾಸಕೋಶ ಹಾಳಾಗುತ್ತದೆಯೇ? ಇಲ್ಲ. ಜೋರಾಗಿ ಊದುವಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕೆಲವು ಕ್ಷಣ ಕಡಿಮೆಯಾಗುತ್ತದೆ, ಮಿದುಳಿಗೆ ಹೋಗುವ ರಕ್ತವೂ ಆ ಹೊತ್ತಿಗೆ ತಗ್ಗುತ್ತದೆ. ಕಣ್ಣು ಕತ್ತಲಿಟ್ಟದ್ದು ಅದರಿಂದ. ಕೈಗಳಿರುವ, ಗಾಲಿಗಳಿಲ್ಲದ ಕುರ್ಚಿಯಲ್ಲಿ ಕೂರಿಸಿ, ಎರಡು ಊದುವಿಕೆಗಳ ನಡುವೆ ಒಂದೆರಡು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಅದು ಮರುಕಳಿಸುವುದಿಲ್ಲ. ಆದರೆ ಇದೇ ಒತ್ತಡದ ಕಾರಣಕ್ಕೆ ಕೆಲವರು ಪರೀಕ್ಷೆಯನ್ನು ಮುಂದೂಡಬೇಕು: ವಾರದೊಳಗೆ ಹೃದಯಾಘಾತ ಆದವರು, ನಾಲ್ಕು ವಾರದೊಳಗೆ ಎದೆ, ಹೊಟ್ಟೆ ಅಥವಾ ಮಿದುಳಿನ ಶಸ್ತ್ರಚಿಕಿತ್ಸೆ ಆದವರು, ಶ್ವಾಸಕೋಶದ ಹೊರಗೆ ಗಾಳಿ ಸೋರಿದವರು, ಕಫದಲ್ಲಿ ರಕ್ತ ಬರುತ್ತಿರುವವರು. ಸಕ್ರಿಯ ಕ್ಷಯದ ಶಂಕೆ ಇದ್ದರೆ ಬೇರೆಯವರಿಗೆ ಹರಡುವ ಅಪಾಯವೂ ಇರುವುದರಿಂದ ಮೊದಲು ಕಫ ಪರೀಕ್ಷೆಯಾಗಬೇಕು. ತಾಯಿಯವರಿಗೆ ಬೆಳಗ್ಗೆ ಕಫದ ಕೆಮ್ಮು ಇರುವುದರಿಂದ ಅದು ಈಗಾಗಲೇ ಆಗಿದೆಯೇ ಎಂದು ವಿಚಾರಿಸಿ. ಕಣ್ಣಿನ ಶಸ್ತ್ರಚಿಕಿತ್ಸೆಯೂ ಈ ಪಟ್ಟಿಯಲ್ಲಿದೆ. ಮಾನದಂಡ ಒಂದು ವಾರ ಎನ್ನುತ್ತದೆ. ಇನ್ನೂ ಹೆಚ್ಚು ಕಾಯಲು ಹೇಳುವ ನೇತ್ರತಜ್ಞರೂ ಇದ್ದಾರೆ. ಹಾಗಾಗಿ ಸದ್ಯದಲ್ಲೇ ಮತ್ತೆ ಊದಿಸುವುದಾದರೆ ಪೊರೆ ತೆಗೆಸುವ ಮುಂಚೆಯೇ ಊದಿಸಿ. ಆ ಹೊತ್ತಿಗೆ ಕೆಮ್ಮು ಹತೋಟಿಗೆ ಬಂದಿದ್ದರೆ, ಅಲುಗಾಡದೆ ಮಲಗಬೇಕಾದ ಶಸ್ತ್ರಚಿಕಿತ್ಸೆಗೂ ಅನುಕೂಲ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಶಿವಮೊಗ್ಗದ ವರದಿಯನ್ನು ಒಪ್ಪಿಕೊಂಡು, ಆ ತಜ್ಞರು ಹೇಳಿದ ಚಿಕಿತ್ಸೆಯನ್ನು ಕ್ರಮವಾಗಿ ನಡೆಸಿ, ಆರು ವಾರದಿಂದ ಮೂರು ತಿಂಗಳಲ್ಲಿ ಮತ್ತೆ ಅಲ್ಲೇ ಊದಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಇದರಲ್ಲಿರುವ ಅಪಾಯ ಅಲ್ಪ: ಇದರ ಜೊತೆ ಬೇರೊಂದು ತೊಂದರೆ ಸಣ್ಣದಾಗಿ ಇದ್ದರೆ ಅದು ತಿಳಿಯುವುದು ಸ್ವಲ್ಪ ತಡವಾಗಬಹುದು. ಅನುಮಾನ ಕಾಡುತ್ತಲೇ ಇದ್ದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಥವಾ ದೊಡ್ಡ ಕೇಂದ್ರದಲ್ಲಿ ಪೂರ್ಣ ಪಿಎಫ್‌ಟಿ ಮಾಡಿಸಬಹುದು. ಗಾಜಿನ ಕೋಣೆಯಂಥ ಪೆಟ್ಟಿಗೆಯಲ್ಲಿ ಕೂರಿಸಿ ಶ್ವಾಸಕೋಶದ ಒಟ್ಟು ಗಾತ್ರವನ್ನು, ಊದಿದ ಮೇಲೂ ಒಳಗುಳಿಯುವ ಗಾಳಿಯ ಸಮೇತ, ಅಳೆಯುತ್ತಾರೆ. ರಿಸ್ಟ್ರಿಕ್ಷನ್ ಇದೆ ಎಂದು ಖಚಿತವಾಗಿ ಹೇಳಬಲ್ಲದ್ದು ಇದೇ, ಸ್ಪೈರೋಮೆಟ್ರಿ ಶಂಕೆಯನ್ನಷ್ಟೇ ಹುಟ್ಟಿಸಬಲ್ಲದು. ಅದರ ಜೊತೆಗೆ ಮಾಡುವ ಡಿಎಲ್‌ಸಿಒದಲ್ಲಿ ಅತ್ಯಲ್ಪ ಕಾರ್ಬನ್ ಮೊನಾಕ್ಸೈಡ್ ಬೆರೆತ ಗಾಳಿಯನ್ನು ಎಳೆದು ಸುಮಾರು 10 ಸೆಕೆಂಡು ಉಸಿರು ಹಿಡಿದರೆ, ಅನಿಲ ರಕ್ತಕ್ಕೆ ದಾಟುವ ಶಕ್ತಿ ತಿಳಿಯುತ್ತದೆ. ಶ್ವಾಸಕೋಶ ಗಟ್ಟಿಯಾಗುವ ರೋಗಗಳಲ್ಲಿ ಮತ್ತು ಎಂಫಿಸೀಮಾದಲ್ಲಿ ಇದು ಕುಸಿಯುತ್ತದೆ, ಬರೀ ಅಸ್ತಮಾದಲ್ಲಿ ಕುಸಿಯುವುದಿಲ್ಲ. ರಕ್ತಹೀನತೆ ಇದ್ದರೂ ಅಂಕಿ ಇಳಿಯುವುದರಿಂದ ಹಿಮೋಗ್ಲೋಬಿನ್ ವರದಿ ಒಯ್ಯಿರಿ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಡಿಎಲ್‌ಸಿಒದಿಂದ ಮತ್ತೊಂದು ಸುಳ್ಳು ಗಾಬರಿ ಹುಟ್ಟಬಹುದು. ನೇರವಾಗಿ ಸಿಟಿ ಸ್ಕ್ಯಾನಿಗೆ ಹೋಗುವುದು ಮೂರನೆಯ ದಾರಿ. ನಡೆದಾಗ ಆಮ್ಲಜನಕ ಇಳಿಯುವುದು, ಬೆನ್ನಿನ ಕಡೆ ಚರಚರ ಸದ್ದು ಕೇಳಿಸುವುದು, ಬೆರಳ ತುದಿ ಉಬ್ಬುವುದು, ತೂಕ ಇಳಿಯುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಸ್ಕ್ಯಾನ್ ಬೇಕೇಬೇಕು. 1.6 ಸೆಕೆಂಡಿನ ಊದುವಿಕೆಯೊಂದನ್ನೇ ನಂಬಿ ಬೇಡ. ಏನೂ ಮಾಡದೆ ಬಿಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಹೊಗೆಯ ಒಲೆಯೂ ಚಿಕಿತ್ಸೆಯಿಲ್ಲದ ನಾಳಗಳೂ ಒಟ್ಟಿಗೆ ಮುಂದುವರಿದರೆ, ಒಂದೊಂದು ಶೀತವೂ ಎದೆಗಿಳಿದು ಆಸ್ಪತ್ರೆಗೆ ಸೇರಿಸುವ ಹಂತಕ್ಕೆ ತಲುಪಬಹುದು.

ಮತ್ತೆ ಊದಿಸುವ ದಿನ ಯಾವ ಔಷಧ ನಿಲ್ಲಿಸಬೇಕು ಎಂಬುದನ್ನು ಮೊದಲೇ ಕೇಳಿಕೊಳ್ಳಿ. ರೋಗನಿರ್ಣಯಕ್ಕಾಗಿ ಮಾಡುವ ಪರೀಕ್ಷೆಯಾದರೆ ಸಾಲ್ಬ್ಯುಟಮಾಲ್ ಪಂಪನ್ನು 4ರಿಂದ 6 ಗಂಟೆ, ದಿನಕ್ಕೆ ಎರಡು ಸಲ ತೆಗೆದುಕೊಳ್ಳುವ ದೀರ್ಘಾವಧಿಯ ಇನ್ಹೇಲರನ್ನು 24 ಗಂಟೆ, ಟಯೊಟ್ರೋಪಿಯಂ ಥರದ್ದನ್ನು 36ರಿಂದ 48 ಗಂಟೆ ಬಿಡಬೇಕಾಗುತ್ತದೆ. ಚಿಕಿತ್ಸೆ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ಪರೀಕ್ಷೆಯಾದರೆ ಏನನ್ನೂ ಬಿಡಬೇಕಿಲ್ಲ. ನಡುವೆ ಉಸಿರು ಕಟ್ಟಿದರೆ ಪರೀಕ್ಷೆ ಕೆಡುತ್ತದೆಂದು ಸಹಿಸಿಕೊಂಡು ಕೂರಬಾರದು. ಪಂಪ್ ಎಳೆದು, ಎಳೆದ ಹೊತ್ತನ್ನು ತಂತ್ರಜ್ಞರಿಗೆ ಹೇಳಿದರೆ ಸಾಕು. ಹೊಟ್ಟೆ ಬಿರಿಯುವಂತೆ ಉಂಡು ಹೋಗುವುದು ಬೇಡ. ಕಟ್ಟಿದ ಹಲ್ಲಿನ ಸೆಟ್ಟು ಗಟ್ಟಿಯಾಗಿ ಕೂರುವುದಾದರೆ ಇರಲಿ, ಅಲುಗಾಡುವುದಾದರೆ ತೆಗೆಯಿರಿ, ತುಟಿಯ ಸಂದಿಯಲ್ಲಿ ಗಾಳಿ ಸೋರಬಾರದು. ಎತ್ತರವನ್ನು ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಅಳೆಯಲು ಕೇಳಿ.

ಪಂಪ್ ಚಟವಾಗುತ್ತದೆ ಎಂಬ ತಾಯಿಯವರ ಭಯವನ್ನು ಗದರಿಸಿ ಹೋಗಲಾಡಿಸಲಾಗದು. ಅದರಲ್ಲಿ ಚಟ ಹಿಡಿಸುವ ವಸ್ತುವೇನೂ ಇಲ್ಲ. ಬಿಪಿ ಮಾತ್ರೆಯನ್ನು ದಿನವೂ ನುಂಗುವವರು ಇನ್ಹೇಲರಿಗೆ ಮಾತ್ರ ಹೆದರುವುದು ಅದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ ಎಂಬ ಕಾರಣಕ್ಕೇ ಹೆಚ್ಚು ಎಂದು ನನಗೆ ಅನಿಸಿದೆ. ಅವರು ಈಗ ಎಳೆಯುವ ರೀತಿಯನ್ನು ಒಮ್ಮೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಪಂಪ್ ಒತ್ತಿದ ಮೇಲೆ ಬಾಯಿಂದ ಬಿಳಿ ಹೊಗೆಯಂತೆ ಹೊರಬರುತ್ತಿದ್ದರೆ ಔಷಧ ನಾಳಕ್ಕೆ ಇಳಿಯುತ್ತಿಲ್ಲ ಎಂದರ್ಥ. ಸ್ಪೇಸರ್ ಹಾಕಿಕೊಟ್ಟರೆ ಅದು ಸರಿಹೋಗುತ್ತದೆ. ಮುಂದಿನ ಸಲ ಹೋಗುವಾಗ ಎರಡೂ ವರದಿಗಳ ಮೂಲಪ್ರತಿಗಳನ್ನು, ರೇಖಾಚಿತ್ರವಿರುವ ಪುಟದ ಸಹಿತ, ಜೊತೆಗೆ ಒಯ್ಯಿರಿ. ಹಂಡೆಯ ಒಲೆಗೆ ಹೊಗೆಕೊಳವೆ ಹಾಕಿಸುವುದಕ್ಕೋ ಸೋಲಾರ್ ಕೂರಿಸುವುದಕ್ಕೋ ಪರೀಕ್ಷೆಯ ಫಲಿತಾಂಶದ ತನಕ ಕಾಯಬೇಕಾಗಿಲ್ಲ.